ತ್ರೂದಾ ದೊಡ್ಡಮ್ಮನಿಗೆ ಬೇಕಿದ್ದ ಎರಡನೆಯ ಸಹಿ

ತ್ರೂದಾ ದೊಡ್ಡಮ್ಮ ನನಗೆ ರಕ್ತಸಂಬಂಧಿಯಲ್ಲ. ಕಲ್ಲಿದ್ದಲ ಗಣಿಯೂರು ರಿಬ್ನಿಕ್‌ನ ನಮ್ಮ ಗಣಿ ಬೀದಿಯಲ್ಲಿ ಎಲ್ಲರಿಗೂ ಆಕೆ ದೊಡ್ಡಮ್ಮನೇ, ಏಕೆಂದರೆ ಎಲ್ಲರನ್ನೂ ಬೈಯುವ ಹಕ್ಕು ಆಕೆಗಿತ್ತು. ಬೆಳಗಿನ ಕೆಲಸ ಮುಗಿದರೆ ಸಾಕು, ಕಿಟಕಿಯ ಕಟ್ಟೆಯ ಮೇಲೆ ದಿಂಬು ಹಾಕಿ, ಮೊಣಕೈ ಊರಿ, ಹೋಗಿಬರುವವರ ಜನ್ಮ ಜಾಲಾಡುತ್ತಿದ್ದಳು. ನನ್ನನ್ನು ಮಾತ್ರ ಒಳಗೆ ಕರೆಯುತ್ತಿದ್ದಳು. ಅದೂ ಪ್ರೀತಿಯಿಂದಲ್ಲ, ನಾನು ಚಳಿ ತಡೆಯಲು ಮನೆಗಳ ಹೊರಗೋಡೆಗೆ ಥರ್ಮೋಕೋಲ್ ಹೊದಿಸುವ ಮೇಸ್ತ್ರಿ ಎಂಬ ಕಾರಣಕ್ಕೆ.

"ಲೇ ಎರ್ವಿನ್, ಆ ಬಿಳೀ ಹಲಗೆ ಅಂಟಿಸಿದ್ರೆ ಗೋಡೆ ದಪ್ಪ ಆಗುತ್ತಲ್ಲೋ. ಆಮೇಲೆ ನಾನು ಬೀದಿ ನೋಡೋದು ಹೇಗೆ?"

"ಇನ್ನೂ ಒಂದು ಗೇಣು ಮುಂದೆ ಬಗ್ಗಿ ನೋಡಿ ದೊಡ್ಡಮ್ಮ."

"ಬಿದ್ದು ಸಾಯಲಿ ಅಂತಾನಾ?"

ನಗು ಬರುವ ಮೊದಲೇ ಕೆಮ್ಮು ಬರುತ್ತಿತ್ತು. ನಲವತ್ತು ವರ್ಷ ನೆಲಮಾಳಿಗೆಯ ಒಲೆಗೆ ಕಲ್ಲಿದ್ದಲು ಸುರಿದವಳು ಅವಳು. ಗಂಡ ಗಣಿಯಲ್ಲಿದ್ದವನು, ಅವನು ಸತ್ತ ಮೇಲೂ ಗಣಿಯವರು ವರ್ಷಕ್ಕಿಷ್ಟು ಕಲ್ಲಿದ್ದಲು ತಂದು ಬಾಗಿಲಿಗೆ ಸುರಿಯುತ್ತಿದ್ದರು. ಬಕೆಟ್ಟಿನಲ್ಲಿ ಹೊತ್ತು ಒಳಗೆ ಸಾಗಿಸುವವಳು ಇವಳು. ಇನ್ನೊಂದು ಚಳಿಗಾಲ ಆ ಹೊಗೆ, ಆ ಬೂದಿ ಬೇಡವೇ ಬೇಡ, ಶ್ವಾಸಕೋಶ ತಾಳುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ದಾರಿ ಇತ್ತು. ಹಳೆಯ ಒಲೆ ಕಿತ್ತು, ಗೋಡೆಗೆ ಹೊದಿಕೆ ಹಾಕಿಸಿ, ಹೊರಗಿನ ಗಾಳಿಯಿಂದ ಬಿಸಿ ಎಳೆಯುವ ಫ್ಯಾನಿನ ಯಂತ್ರ ಕೂರಿಸಿದರೆ, ಅವಳಂಥ ಸಣ್ಣ ಪಿಂಚಣಿಯವರಿಗೆ ಹೆಚ್ಚುಕಡಿಮೆ ಪೂರ್ತಿ ಖರ್ಚನ್ನು ಸರ್ಕಾರವೇ ಕೊಡುತ್ತಿತ್ತು. ಅರ್ಜಿ ನಾನೇ ತುಂಬಿದೆ. ಆದರೆ ಮನೆಯ ಪತ್ರದಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರ ಸಹಿಯೂ ಬೇಕು.

ಎರಡನೆಯವನು ಅವಳ ತಮ್ಮ ಆಲೊಯ್ಸ್, ಮೇಲಿನ ಮಹಡಿಯವನು. ಇಪ್ಪತ್ತು ವರ್ಷ ಜರ್ಮನಿಯ ಗಣಿಯಲ್ಲಿದ್ದು, ಅಪ್ಪನ ಮಣ್ಣಿಗೆ ಬಂದವನು ಇಲ್ಲೇ ಉಳಿದ. ಹಾಸಿಗೆ ಹಿಡಿದ ಅಪ್ಪನ ಸೇವೆಯನ್ನು ಹನ್ನೆರಡು ವರ್ಷ ಮಾಡಿದವಳು ತ್ರೂದಾ. ತಿಥಿಯೂಟದ ಮೇಜಿನ ಮುಂದೆ, ನೂಡಲ್ ಸೂಪು ಆರುವ ಮೊದಲೇ, ಈ ಮಹಾಶಯ ಹೇಳಿದ: "ಇಷ್ಟು ವರ್ಷ ಬಾಡಿಗೆ ಕೊಡದೆ ಇದ್ದೆಯಲ್ಲ, ಅದೇ ನಿನ್ನ ಸಂಬಳ." ಅಂದಿನಿಂದ ಹನ್ನೊಂದು ವರ್ಷ ಅಕ್ಕತಮ್ಮ ಮಾತು ಬಿಟ್ಟಿದ್ದರು. ಆದರೆ ಅಕ್ಕ ಹಚ್ಚಿದ ಒಲೆಯ ಬಿಸಿ ಕೊಳವೆಯಲ್ಲಿ ಮೇಲಕ್ಕೆ ಹೋಗುತ್ತಲೇ ಇತ್ತು, ಅವನು ಕಾಲು ಚಾಚಿ ಕಾಯಿಸಿಕೊಳ್ಳುತ್ತಲೇ ಇದ್ದ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಅಕ್ಟೋಬರಿನಲ್ಲಿ ಅರ್ಜಿ ಹಿಡಿದು ಹೋದೆ. ಅವನು ಮೆಟ್ಟಿಲ ಮೇಲೆ, ಅವಳು ತನ್ನ ಬಾಗಿಲಲ್ಲಿ, ನಡುವೆ ನಾನು.

"ಎರ್ವಿನ್, ಅವನಿಗೆ ಹೇಳು, ಸಹಿ ಹಾಕಿದ್ರೆ ಅವನ ಗಂಟೇನೂ ಹೋಗಲ್ಲ ಅಂತ."

"ಎರ್ವಿನ್, ಅವಳಿಗೆ ಹೇಳು, ಕಲ್ಲಿದ್ದಲಿನ ಅನ್ನ ತಿಂದ ಮನೆ ಇದು. ಅಂಗಳದಲ್ಲಿ ಫ್ಯಾನು ತಿರುಗಿಸಿ ಚಳಿ ಓಡಿಸೋ ಹುಚ್ಚರ ಮನೆ ಅಲ್ಲ."

"ಅಗೆದೋನು ಅವನಿರಬಹುದು, ಹೊತ್ತೋಳು ನಾನು! ಒಂದೇ ಒಂದು ದಿನ ಕೆಳಗಿಳಿದು ಬಕೆಟ್ ಮುಟ್ಟಿದ್ದಾನಾ ಕೇಳು."

"ನನ್ನನ್ನ ಯಾರೂ ಕೆಳಗೆ ಬಾ ಅಂತ ಕರೆದ ನೆನಪಿಲ್ಲ ಅಂತ ಹೇಳು."

ನನಗೆ ತಲೆ ಕೆಟ್ಟಿತು. "ನಿಮ್ಮಿಬ್ಬರಿಗೂ ಕಿವಿ ಇದೆಯಲ್ರೀ! ನಾನೇನು ನಿಮ್ಮನೆ ಅಂಚೆಯವನಾ?" ಎಂದು ಕೂಗಿದೆ. ಇಬ್ಬರೂ ತಂತಮ್ಮ ಬಾಗಿಲು ಹಾಕಿಕೊಂಡರು.

ಮರುದಿನ ಆಲೊಯ್ಸ್ ಬೀದಿಯಲ್ಲಿ ಸಿಕ್ಕಾಗ, ಆ ಯಂತ್ರದಿಂದ ಮನೆ ಎಷ್ಟು ಬೆಚ್ಚಗಾಗುತ್ತದೆಂದು ನಾನು ವಿವರಿಸಿದರೆ, ಅವನು ಹೇಳಿದ: "ಸಹಿ ಬೇಕಿದ್ರೆ ಅವಳೇ ಮೇಲೆ ಬಂದು ಬಾಯಿಬಿಟ್ಟು ಕೇಳಲಿ." ಮೇಲೆ ಹೋಗಲು ಹದಿನಾಲ್ಕು ಮೆಟ್ಟಿಲು. ದೊಡ್ಡಮ್ಮ, "ಸತ್ತರೂ ಹತ್ತಲ್ಲ" ಎಂದಳು.

ಆಗ ನಾನು ಒಂದು ಬುದ್ಧಿ ಹೇಳಿದೆ. ಆ ವರ್ಷ ನನಗೂ ಕೆಲಸವಿರಲಿಲ್ಲ, ಈ ಮನೆಯ ಕೆಲಸ ಕೈತಪ್ಪಬಾರದಿತ್ತು, ಅದನ್ನು ಮುಚ್ಚಿಡುವುದಿಲ್ಲ. "ಒಲೆ ಆರಿಸಿಬಿಡಿ ದೊಡ್ಡಮ್ಮ. ಮೇಲೆ ಹಲ್ಲು ಕಟಕಟ ಅಂದ್ರೆ ತಾನೇ ಇಳಿದು ಬರ್ತಾನೆ." ಅವಳ ಕಣ್ಣು ಮಿಂಚಿತು. ನವೆಂಬರ್ ಮೊದಲ ವಾರ ಒಲೆ ಆರಿತು. ಅವಳು ಅಡುಗೆಮನೆಯಲ್ಲಿ ಸಣ್ಣ ವಿದ್ಯುತ್ ಹೀಟರಿನ ಮುಂದೆ ಕಂಬಳಿ ಹೊದ್ದು ಕೂತಳು. ಮೇಲಿನವನು ಕೋಟು, ಟೊಪ್ಪಿ ಹಾಕಿಕೊಂಡೇ ಮಲಗಿದ. ನಾಲ್ಕು ವಾರ! ಜಗಮೊಂಡರು.

ಡಿಸೆಂಬರ್ ನಾಲ್ಕು, ಸಂತ ಬಾರ್ಬರಾಳ ಹಬ್ಬ. ಗಣಿಯವರೆಲ್ಲ ಕಪ್ಪು ಸಮವಸ್ತ್ರ ತೊಟ್ಟು, ಗರಿಯ ಟೊಪ್ಪಿ ಹಾಕಿ ಚರ್ಚಿಗೆ ಹೋಗುತ್ತಾರೆ. ಅಲ್ಲಿಂದ ಬರುತ್ತ ಆಲೊಯ್ಸ್ ನೇರ ನನ್ನ ಮನೆಗೆ ಬಂದ. ಮೂಗು ಸುರಿಯುತ್ತಿತ್ತು, ಗರಿ ನಡುಗುತ್ತಿತ್ತು. ಮೇಜಿನ ಮೇಲಿದ್ದ ಅರ್ಜಿಗೆ ಸಹಿ ಗೀಚಿ, ಪೆನ್ನು ಎಸೆದು ಹೋದ.

ನಾನು ಕಚೇರಿಗೆ ಓಡಿದೆ. ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: ಕಳೆದ ಶುಕ್ರವಾರದಿಂದ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ, ಮುಂದಿನ ಆದೇಶದವರೆಗೆ ಕಾಯಿರಿ. ಗಾಜಿನಾಚೆ ಕೂತ ಹೆಂಗಸು ತಲೆ ಎತ್ತದೆ, "ಓದೋಕೆ ಬರುತ್ತಲ್ವಾ?" ಎಂದಳು. ಅವಳ ಬಾಯಿಗೆ ಬೆಂಕಿ ಹಾಕಬೇಕೆನಿಸಿತು.

ಸುದ್ದಿ ಕೇಳಿ ದೊಡ್ಡಮ್ಮ ಕಂಬಳಿ ಸರಿಸಿ ಎದ್ದಳು. ಬಕೆಟ್ ತೆಗೆದುಕೊಂಡು ನೆಲಮಾಳಿಗೆಗೆ ಇಳಿದಳು. ನಾನು ಹೊರುತ್ತೇನೆ ಎಂದು ಹಿಂದೆ ಹೋದೆ.

"ನಿನ್ನ ಬುದ್ಧಿ ಕೇಳಿದ್ದೇ ಸಾಕಪ್ಪ. ಹೊರಡು."

ಆ ಮಾತು ನನಗೆ ಬರಬೇಕಾದದ್ದೇ. ಒಲೆ ಮತ್ತೆ ಹತ್ತಿತು. ಫೆಬ್ರವರಿ ಎರಡನೆಯ ವಾರ ಅವಳನ್ನು ಆಸ್ಪತ್ರೆಗೆ ಒಯ್ದರು, ಮೂರನೆಯ ವಾರ ಮಣ್ಣು ಮಾಡಿದೆವು. ಕಿಟಕಿ ಮುಚ್ಚಿದ ಮೇಲೆ ನಮ್ಮ ಬೀದಿಯನ್ನು ಬೈಯುವವರೇ ಇಲ್ಲವಾದರು.

ವಸಂತದಲ್ಲಿ ಯೋಜನೆ ಮತ್ತೆ ತೆರೆಯಿತು. ಬೇಸಿಗೆಗೆ ಆಲೊಯ್ಸ್ ನೋಟರಿಯ ಕಾಗದ ಹಿಡಿದು ಬಂದ. ದೊಡ್ಡಮ್ಮನಿಗೆ ಮಕ್ಕಳಿಲ್ಲ, ಅವಳ ಪಾಲೂ ಇವನಿಗೇ ಬಂದಿತ್ತು. "ಈಗ ಒಂದೇ ಸಹಿ ಸಾಕಂತೆ," ಎಂದ. ನಾನು ಆಗುವುದಿಲ್ಲ ಎನ್ನಬೇಕಿತ್ತು. ಹೊಟ್ಟೆಪಾಡು, ಒಪ್ಪಿದೆ. ಹಳೆಯ ಒಲೆಯನ್ನು ಕಿತ್ತು ಗುಜರಿಗೆ ಹಾಕಿದವನೂ ನಾನೇ.

ನವೆಂಬರಿನಲ್ಲಿ ಕೆಲಸ ನೋಡಲು ಹೋದಾಗ ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಆಲೊಯ್ಸ್ ತೆಳು ಅಂಗಿಯಲ್ಲಿ ಕೂತಿದ್ದ.

"ಇಷ್ಟು ಬೆಚ್ಚಗಿರುತ್ತೆ ಅಂತ ನನಗೆ ಯಾರೂ ಹೇಳ್ಲೇ ಇಲ್ವಲ್ಲೋ."

"ಹೇಳಿದ್ದೆ ಮಾವ. ದೊಡ್ಡಮ್ಮನ ಪರವಾದ ಮಾತು ಅಂತ ನೀವು ಕೇಳಿಸ್ಕೊಳ್ಳಲಿಲ್ಲ."

ಅವನು ಕಾಫಿ ಕುಡಿದು ಹೋಗೆಂದ. ನಾನು ನಿಲ್ಲಲಿಲ್ಲ.