ಹುಳದ ಮನೆಯ ಬಾಗಿಲು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ತಾಕಿದರೆ ಇವತ್ತಿಗೂ ನನಗೆ ಮೊದಲು ಹಿಗ್ಗು, ಹಿಂದೆಯೇ ಸಿಟ್ಟು. ಅಕ್ಕೂರಿನಲ್ಲಿ ನಮ್ಮ ಹಿತ್ತಲಲ್ಲಿ ಹುಳದ ಮನೆಯಿತ್ತು. ರೇಷ್ಮೆಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಕೇಳುತ್ತ, ಸೋದರತ್ತೆ ಜಯಮ್ಮನ ಪಕ್ಕ ಕೂತು ಹುಳದ ತಟ್ಟೆ ಶುಚಿ ಮಾಡುವುದಕ್ಕಿಂತ ಬೇರೆ ಸುಖ ನನಗೆ ಗೊತ್ತಿರಲಿಲ್ಲ. ಗಂಡನ ಮನೆ ಬಿಟ್ಟು ಬಂದಿದ್ದ ಅತ್ತೆಯೇ ಅಲ್ಲಿ ಯಜಮಾನಿ. ಅವ್ವನಿಗೆ ಹೇಳದ ಮಾತನ್ನೂ ಅವಳಿಗೆ ಹೇಳುತ್ತಿದ್ದೆ.

ಮುಟ್ಟಾದವರು ಹುಳದ ಮನೆ ಹೊಗಬಾರದು ಎಂಬುದು ಊರಿನ ಕಟ್ಟಳೆ. ನನಗೆ ಹದಿಮೂರಾಗಿದ್ದಾಗ, ಹುಳ ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕು ಅನ್ನುವ ವಾರದಲ್ಲೇ ಮುಟ್ಟಾದೆ. ಅತ್ತೆಯ ಮುಂದೆ ಗೋಳಾಡಿದೆ.

"ಬಾ ಮಗ, ಕೈ ಸಾಲ್ದು. ನಾನ್ ಯಾರ್ಗೂ ಹೇಳಾಕಿಲ್ಲ," ಅಂದಳು. ಹೋದೆ.

ಮಾರನೆಯ ದಿನ ಸೊಪ್ಪು ಸಾಲದೆ ಬಂತು. ಪಕ್ಕದವರು ಟೊಮೇಟೊಗೆ ಔಷಧಿ ಹೊಡೆದಿದ್ದಾರೆ, ಬದುವಿನ ಸಾಲು ಮುಟ್ಟಬೇಡಿ ಎಂದು ಅಪ್ಪ ಹೇಳಿದ್ದ. ಅತ್ತೆ ಅದನ್ನೇ ಕೊಯ್ದಳು. ಏನೂ ಆಗುವುದಿಲ್ಲ ಸುಮ್ಮನಿರು ಎಂದು ನನಗೂ ಹೇಳಿದಳು. ಸಂಜೆಯೊಳಗೆ ಹುಳುಗಳು ಹಸಿರು ನೀರು ಕಕ್ಕಿ, ಒದ್ದಾಡಿ, ತಟ್ಟೆಗಟ್ಟಲೆ ಸತ್ತವು. ಅಪ್ಪ ತಲೆಯ ಮೇಲೆ ಕೈ ಹೊತ್ತು ನಿಂತಾಗ ಅತ್ತೆ ನನ್ನ ಕಡೆ ನೋಡಲೂ ಇಲ್ಲ.

"ಇವ್ಳು ಮುಟ್ಟಾಗವ್ಳೆ ಕಣಣ್ಣ. ಹೇಳ್ದೆ ಕೇಳ್ದೆ ಒಳಿಕ್ ಬಂದ್ಬುಟ್ಟವ್ಳೆ."

ಅವತ್ತಿನಿಂದ ಆ ಬಾಗಿಲು ನನಗೆ ಮುಚ್ಚಿತು, ಆ ನಾಲ್ಕು ದಿನಕ್ಕಲ್ಲ, ಪೂರ್ತಿಯಾಗಿ. ನನ್ನ ಕೈ ಸೋಕಿದ್ದೆಲ್ಲ ಕೆಡುತ್ತದೆ ಎಂದು ವರ್ಷಗಟ್ಟಲೆ ನಂಬಿದೆ. ಮದುವೆಯಾದ ಮೇಲೂ ಒಂದು ಕರಿಬೇವಿನ ಸಸಿ ನೆಡಲು ಹೆದರುತ್ತಿದ್ದೆ. ಬದುವಿನ ಸೊಪ್ಪನ್ನು ಕಣ್ಣಾರೆ ಕಂಡಿದ್ದವಳು ನಾನು! ಅತ್ತೆ ಸುಳ್ಳಿ ಅಂದುಕೊಳ್ಳುವುದಕ್ಕಿಂತ ನಾನೇ ಮೈಲಿಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಹೊಳೆದಾಗ ಮೈಯೆಲ್ಲ ಉರಿದುಹೋಯಿತು.

ಹೋದ ವರ್ಷ ಬಾಡಿಗೆ ಮನೆ ಕಟ್ಟಲೆಂದು ಹುಳದ ಮನೆ ಕೆಡವಿದರು. ನೋಡಲು ಮಗಳನ್ನು ಕರೆದುಕೊಂಡು ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದ ಅತ್ತೆ ಅವಳ ಗಲ್ಲ ಸವರಿ, ನಿಮ್ಮವ್ವ ಒಂದು ಸಲ ಹುಳಾನೆಲ್ಲ ಸಾಯಿಸಿದ್ದಳು ಎಂದು ಬೊಚ್ಚುಬಾಯಲ್ಲಿ ನಕ್ಕಳು. ಮಗಳು ನನ್ನ ಮುಖ ನೋಡಿದಳು.

"ಅವತ್ತು ಸೊಪ್ಪು ಎಲ್ಲಿ ಕುಯ್ದೆ ಅತ್ತೆ?"

ಅವಳ ನಗು ನಿಂತಿತು. ಗೋಡೆ ಉರುಳಿದ ಧೂಳು ನಮ್ಮ ಮೇಲೆಲ್ಲ ಕೂತಿತು. ಸೆರಗಿನ ತುದಿ ಹಿಂಡುತ್ತ, "ನಿಮ್ಮಪ್ಪ ನನ್ನೂ ಆಚ್ಗಾಕಿದ್ರೆ ಎಲ್ಲಿಗೋಗ್ಲಿ ಮಗ?" ಅಂದಳು.

ನಿಜ, ಅವಳಿಗೆ ಹೋಗಲು ಬೇರೆ ಜಾಗ ಇರಲಿಲ್ಲ. ನನಗೂ ಇದ್ದದ್ದು ಅದೊಂದೇ ಜಾಗ, ಅವಳ ಪಕ್ಕ.