ಮುತ್ಯಾ ಪುಸ್ತಕ ಮುಚ್ಚಿದ ಸಂಜೆ

ಸಿಂಧನೂರಿನ ಈ ಮನೆಯಲ್ಲಿ ಟ್ರಂಕು ತೆರೆದಾಗಲೆಲ್ಲ ಒಣ ಬೇವಿನೆಲೆಯ ಕಹಿ ವಾಸನೆ ಮುಖಕ್ಕೆ ಬಡಿಯುತ್ತದೆ. ಆಮೇಲೆ ನಾನು ಕೂತಲ್ಲಿ ಕೂರಲಾರೆ. ಹುಳ ಹತ್ತದಿರಲೆಂದು ಮುತ್ಯಾ, ನನ್ನ ಅಪ್ಪನ ಅಪ್ಪ, ಪುರಾಣದ ಹಾಳೆಗಳ ನಡುವೆ ಇಡುತ್ತಿದ್ದ ಎಲೆಗಳವು. ಮಸ್ಕಿಯ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಗೊಬ್ಬರದ ಅಂಗಡಿ ಎದ್ದಿದೆ. ಶ್ರಾವಣ ಬಂತೆಂದರೆ ಅಲ್ಲಿಯ ಪಡಸಾಲೆಯಲ್ಲಿ ದಿನಾ ಸಂಜೆ ಓಣಿಯ ಹೆಂಗಸರೆಲ್ಲ ಕೂಡುತ್ತಿದ್ದರು, ಮುತ್ಯಾ ಓದಿ ಅರ್ಥ ಹೇಳುತ್ತಿದ್ದ. ಶಿವ ಜಂಗಮನ ವೇಷದಲ್ಲಿ ಬಂದು ಭಕ್ತನ ಒಬ್ಬನೇ ಮಗನನ್ನು ಊಟಕ್ಕೆ ಬೇಡುವ ಕತೆಯ ದಿನ ಮನೆಯಲ್ಲೊಂದು ಕಟ್ಟಳೆ: ಕತೆಯ ಮಗು ಸತ್ತ ಮೇಲೆ, ಅದು ಮತ್ತೆ ಎದ್ದು ಬರುವ ತನಕ ಪುಸ್ತಕ ಮುಚ್ಚುವಂತಿಲ್ಲ. ಮುಚ್ಚಿದರೆ ಮನೆಗೆ ಒಳ್ಳೆಯದಲ್ಲ. ಕರೆಂಟು ಹೋದರೆ ಕಂದೀಲು ಹಚ್ಚಿ ಓದುತ್ತಿದ್ದ. ಒಲೆ ಆರಿದರೂ ಯಾರೂ ಏಳುತ್ತಿರಲಿಲ್ಲ.

ನನಗೆ ಒಂಬತ್ತಾದ ವರ್ಷ, ಮಳೆಗಾಲದ ಮೊದಲಿಗೆ, ತಮ್ಮ ಬಸೂ ಜ್ವರದಲ್ಲಿ ಹೋಗಿಬಿಟ್ಟ. ಲಿಂಗಸುಗೂರಿನ ದವಾಖಾನೆಗೆ ಒಯ್ಯುವ ಬಸ್ಸಿನಲ್ಲೇ, ಅವ್ವನ ತೊಡೆಯ ಮೇಲೆ. ಮೂರು ವರ್ಷದ ಕೂಸು. ಆ ಶ್ರಾವಣದಲ್ಲಿ ಈ ಕತೆ ಬೇಡವೆಂದು ಮುತ್ಯಾ ಹಾಳೆ ಹಾರಿಸಹೋದ. "ಓದ್ರಿ ಮಾವ," ಎಂದಳು ಅವ್ವ. ಓದಿದ. "ಇದೆಲ್ಲ ಶಿವ ತನ್ನ ಮಹಿಮಾ ಲೋಕಕ್ಕ ತೋರ್ಸಾಕ ಮಾಡಿದ್ದವ್ವ, ಸಿಟ್ಟಿಲೆ ಮಾಡಿದ್ದಲ್ಲ," ಎಂದು ಅರ್ಥ ಹೇಳಿದ. ಅವ್ವ ತಲೆ ಎತ್ತಲಿಲ್ಲ. "ಅವನ ಹೆಸರು ಮೊದ್ಲೇ ದೊಡ್ಡದಿತ್ತಲ್ರಿ. ನನ್ನ ಕೂಸಿನ್ನ ಒಯ್ದು ಇನ್ನೆಷ್ಟು ದೊಡ್ಡದಾತು?" ಮುತ್ಯಾ ಕನ್ನಡಕ ಒರೆಸಿಕೊಂಡು ಮುಂದೆ ಓದಿದ: ಬಾಗಿಲಲ್ಲಿ ನಿಂತು ಮಗನನ್ನು ಕರೆ ಎಂದು ಶಿವ ಆ ತಾಯಿಗೆ ಹೇಳುತ್ತಾನೆ. ಅವ್ವ ಎದ್ದಳು. ಹೊಸ್ತಿಲಲ್ಲಿ ನಿಂತು ಓಣಿಗೆ ಮುಖ ಮಾಡಿ ಕರೆದಳು: "ಬಸೂ, ಬಾರಪಾ, ಉಣ್ಣಾಕ ಹೊತ್ತಾತು." ಮೂರು ಸಲ ಕರೆದಳು. ಸುಳ್ಳೇಕೆ ಹೇಳಲಿ, ಬಂದೇ ಬರುತ್ತಾನೆಂದು ನಾನೂ ಓಣಿ ನೋಡಿದೆ. ಎದುರುಮನೆಯ ಎಮ್ಮೆ ಬಂತು.

ಮುತ್ಯಾ ಪುಸ್ತಕ ಮುಚ್ಚಿಬಿಟ್ಟ. ಕತೆಯ ಮಗು ಓಡಿ ಬರುವ ಒಂದೇ ಹಾಳೆ ಉಳಿದಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ದೇವರ ಮೇಲೆ ಅಂದು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೆಸರಿಗಾಗಿ ಕೂಸನ್ನು ಬೇಡುವವನು ಎಂಥ ದೇವರು ಎಂದು ಈ ವಯಸ್ಸಿನಲ್ಲೂ ಒಳಗೊಳಗೇ ಜಗಳಾಡುತ್ತೇನೆ. ನೀವೂ ಯಾರನ್ನಾದರೂ ಹಾಗೆ ಕರೆದು ಕಾದವರಾದರೆ ನನ್ನ ಸಂಕಟ ತಿಳಿದೀತು. ಕೇಳೋಣವೆಂದರೆ ಮುತ್ಯಾನೂ ಇಲ್ಲ, ಅವ್ವನೂ ಇಲ್ಲ. ಅವ್ವ ಆವತ್ತು ಮತ್ತೆ ಜಗಳಕ್ಕೆ ನಿಲ್ಲಲಿಲ್ಲ. ತಿರುಗಿ ಬಂದು ಮುತ್ಯಾನ ಮುಂದೆ ಕೂತು, ಮುಚ್ಚಿದ ಪುಸ್ತಕವನ್ನು ಅವನ ಕಡೆ ಸರಿಸಿದಳು.

"ಓದಿ ಮುಗಸ್ರಿ ಮಾವ. ಆ ತಾಯಿ ಮಗನಾರ ಮನಿಗೆ ಬರ್ಲಿ."