ತಾಟಿನ ನಡುವಿನ ಹೆಸರು

“ಅಂಚಿಗೆ ಬ್ಯಾಡ್ರಿ, ತಾಟಿನ ನಟ್ಟನಡುವ ‘ಚಂದವ್ವ’ ಅಂತ ಹಾಕ್ರಿ” ಎಂದರು ಐಗಳಿಯಿಂದ ಬಂದಿದ್ದ ಹೆಂಗಸು. ತೊಂಬತ್ತರ ದಶಕದಲ್ಲಿ ಅಥಣಿಯ ಪಾತ್ರೆ ಅಂಗಡಿಯೊಂದರಲ್ಲಿ ಸ್ಟೀಲ್ ಸಾಮಾನಿನ ಮೇಲೆ ಹೆಸರು ಕೊರೆಯುವುದು ನನ್ನ ಕೆಲಸ. ಎಲ್ಲರೂ ಹಾಕಿಸುತ್ತಿದ್ದುದು ಮನೆಯ ಗಂಡಸರ ಹೆಸರು, ಅದೂ ಅಂಚಿಗೆ.

“ಚಂದವ್ವ ಅಂದ್ರ ಯಾರ್ರಿ?”

“ನಾನ ರೀ. ಲಗ್ನದಾಗ ಗಂಡನ ಮನ್ಯಾವ್ರು ಬ್ಯಾರೆ ಹೆಸರ ಇಟ್ರು. ಈಗ ಹಿಂಗ ಕರಿಯಾವ್ರು ಯಾರೂ ಉಳದಿಲ್ಲ. ಉಂಡ ಮ್ಯಾಲ ನನಗರ ಕಾಣ್ಲಿ.”

ಕೊರೆದು ಕೊಟ್ಟೆ. ಅವರು ಸೆರಗಿನಿಂದ ಪುಡಿ ಒರೆಸಿ, ತಾಟನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಅಂದು ಸಂಜೆ ಮನೆಗೆ ಹೋದವನು, ಹಿತ್ತಲಲ್ಲಿದ್ದ ಹೆಂಡತಿಯನ್ನು ಅವಳ ಲಗ್ನದ ಮೊದಲಿನ ಹೆಸರಿನಿಂದ ಕರೆದೆ. ತವರಿನಿಂದ ಯಾರೋ ಬಂದರೆಂದು ಅವಳು ಕೈ ಒರೆಸಿಕೊಳ್ಳುತ್ತ, ನನ್ನನ್ನು ದಾಟಿ ಬಾಗಿಲಿಗೆ ಓಡಿದಳು.